300 ಡಿಗ್ರಿಯಲ್ಲೂ ಮೆತ್ತಗಾಗದ ರೆಸಿನ್: ಪಾಲಿಇಮೈಡ್ ಬೇಯುವುದು ಹೇಗೆ?

ತೇಜಸ್ ಯುದ್ಧವಿಮಾನದ ಇಂಜಿನ್ ವಿಷಯ ಕೆಲವು ವರ್ಷಗಳಿಂದ ಸುದ್ದಿಯಲ್ಲೇ ಇದೆ. ಬೆಂಗಳೂರಿನ ಎಚ್‌ಎಎಲ್ 2021ರಲ್ಲಿ ಅಮೆರಿಕದ ಜಿಇ ಕಂಪನಿಗೆ 99 ಎಫ್404 ಇಂಜಿನ್‌ಗಳಿಗೆ ಆರ್ಡರ್ ಕೊಟ್ಟಿತು. ಅದರಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಜೆಟ್ ಇಂಜಿನ್ ಮಾಡುವುದು ಯಾಕಿಷ್ಟು ಕಷ್ಟ ಅಂತ ಕೇಳಿದರೆ ಹೆಚ್ಚಿನವರು ಟರ್ಬೈನ್ ಬ್ಲೇಡಿನ ಲೋಹದ ಬಗ್ಗೆ ಹೇಳುತ್ತಾರೆ. ಅದು ಸರಿಯೇ. ಆದರೆ ಎಫ್404 ಕುಟುಂಬದ ಚರಿತ್ರೆಯಲ್ಲಿ ಅಷ್ಟೇ ಕುತೂಹಲದ ಇನ್ನೊಂದು ವಸ್ತು ಇದೆ. ಇಂಜಿನ್‌ನ ಬಿಸಿ ಭಾಗದ ಸುತ್ತ ಗಾಳಿ ಹರಿಯಲು ಒಂದು ದೊಡ್ಡ ಹೊರಕೊಳವೆ ಇರುತ್ತದೆ. ಅದನ್ನು ಬೈಪಾಸ್ ಡಕ್ಟ್ ಅನ್ನುತ್ತಾರೆ. ಮೊದಲು ಅದು ಟೈಟಾನಿಯಂನಲ್ಲಿ ಇತ್ತು. 1980ರ ದಶಕದಲ್ಲಿ ಜಿಇ, ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ ಅದನ್ನು ಕಾರ್ಬನ್ ಬಟ್ಟೆ ಮತ್ತು ಒಂದು ರೆಸಿನ್‌ನಿಂದ ಮಾಡಿದವು. ಆ ರೆಸಿನ್ ಹೆಸರು ಪಿಎಂಆರ್-15. ಅದು ಪಾಲಿಇಮೈಡ್ ಜಾತಿಗೆ ಸೇರಿದ್ದು.

ಜೆಟ್ ಇಂಜಿನ್ ಮೈಗೆ ಪ್ಲಾಸ್ಟಿಕ್ ಜಾತಿಯ ವಸ್ತು ಹಾಕುವುದು ಹೇಗೆ ಸಾಧ್ಯ? ಅದರ ಉತ್ತರ ಅರ್ಧ ರಸಾಯನದಲ್ಲಿದೆ, ಇನ್ನರ್ಧ ಬೇಯಿಸುವ ಬಗೆಯಲ್ಲಿದೆ. ಈ ಎರಡನೇ ಅರ್ಧದ ಬಗ್ಗೆ ಮಾತು ಕಡಿಮೆ. ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ರೆಸಿನ್‌ಗೆ ಏನು ಕೆಲಸ?

ಕಾರ್ಬನ್ ಫೈಬರ್ ಅಂದರೆ ಕೂದಲಿಗಿಂತ ತೆಳ್ಳಗಿನ ಕಪ್ಪು ಎಳೆಗಳು. ಎಳೆದರೆ ತುಂಬಾ ಗಟ್ಟಿ. ಆದರೆ ಅದರ ಬಟ್ಟೆಯನ್ನು ಕೈಯಲ್ಲಿ ಹಿಡಿದರೆ ಸುಮ್ನೆ ಜೋಲು ಬೀಳುತ್ತದೆ. ಎಳೆಗಳನ್ನು ಒಂದಕ್ಕೊಂದು ಅಂಟಿಸಿ, ಆಕಾರದಲ್ಲಿ ನಿಲ್ಲಿಸಿ, ಒಂದು ಎಳೆಯ ಭಾರವನ್ನು ಪಕ್ಕದ ಎಳೆಗೆ ದಾಟಿಸುವುದು ರೆಸಿನ್. ಎರಡೂ ಸೇರಿದ್ದಕ್ಕೆ ಕಾಂಪೊಸಿಟ್ ಅನ್ನುತ್ತಾರೆ.

ತೇಜಸ್ ವಿಮಾನದ ಮೈಯಲ್ಲೂ ಕಾಂಪೊಸಿಟ್ ಬಹಳ ಇದೆ. ಅದರ ಬಾಲದ ರೆಕ್ಕೆ ಮತ್ತು ರಡ್ಡರ್ ಅನ್ನು ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿತು. ಆದರೆ ಅಲ್ಲಿರುವುದು ಎಪಾಕ್ಸಿ ರೆಸಿನ್. ವಿಮಾನಕ್ಕೆ ಬಳಸುವ ಎಪಾಕ್ಸಿ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ, 120 ಡಿಗ್ರಿ ಆಸುಪಾಸಿನವರೆಗೆ ನೆಚ್ಚಿಕೊಳ್ಳಬಹುದು. ಅದಕ್ಕಿಂತ ಬಿಸಿಯಾದರೆ ಮೆತ್ತಗಾಗತೊಡಗುತ್ತದೆ. ಫೈಬರ್‌ಗೆ ಏನೂ ಆಗಿರುವುದಿಲ್ಲ, ಆದರೆ ಹಿಡಿದುಕೊಂಡಿದ್ದ ರೆಸಿನ್ ಕೈಬಿಟ್ಟಿರುತ್ತದೆ.

ಪಿಎಂಆರ್-15 ರೆಸಿನ್ 288 ಡಿಗ್ರಿಯಲ್ಲಿ ಸಾವಿರಾರು ಗಂಟೆ ಕೆಲಸ ಮಾಡಬಲ್ಲದು. ಅದರ ಕಾಂಪೊಸಿಟ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ, ಟೈಟಾನಿಯಂನದು ಸುಮಾರು 4.5 ಗ್ರಾಂ. ಇಂಜಿನ್ ಮಾಡುವವರು ಇಷ್ಟು ಪಾಡುಪಟ್ಟು ಈ ರೆಸಿನ್ ಹಿಂದೆ ಬಿದ್ದದ್ದು ಈ ವ್ಯತ್ಯಾಸಕ್ಕಾಗಿ.

## ಗಟ್ಟಿಯಾಗುವುದರಲ್ಲಿ ಎರಡು ಬಗೆ

ಬೆಲ್ಲ ಕಾಯಿಸಿದರೆ ಕರಗುತ್ತದೆ, ಆರಿದರೆ ಮತ್ತೆ ಗಟ್ಟಿ. ಎಷ್ಟು ಸಲ ಬೇಕಾದರೂ ಹೀಗೆ ಮಾಡಬಹುದು. ಇಡ್ಲಿ ಹಾಗಲ್ಲ. ಒಮ್ಮೆ ಬೆಂದ ಇಡ್ಲಿಯನ್ನು ಎಷ್ಟು ಬಿಸಿ ಮಾಡಿದರೂ ಮತ್ತೆ ಹಿಟ್ಟಾಗುವುದಿಲ್ಲ, ಅಲ್ವಾ? ಬಕೆಟ್, ಬಾಟಲಿಗಳ ಪ್ಲಾಸ್ಟಿಕ್ ಬೆಲ್ಲದ ಜಾತಿ. ಅದಕ್ಕೆ ಥರ್ಮೋಪ್ಲಾಸ್ಟಿಕ್ ಎಂದು ಹೆಸರು. ಎಪಾಕ್ಸಿ, ಪಿಎಂಆರ್-15 ಇವೆಲ್ಲ ಇಡ್ಲಿಯ ಜಾತಿ. ಇವು ಥರ್ಮೋಸೆಟ್‌ಗಳು.

ಥರ್ಮೋಸೆಟ್ ಒಳಗೆ ಆಗುವುದು ಇಷ್ಟು. ಮೊದಲು ಸಣ್ಣ ಸಣ್ಣ ಅಣುಗಳು ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ. ಬಿಸಿ ಕೊಟ್ಟಾಗ ಅವು ಒಂದಕ್ಕೊಂದು ರಾಸಾಯನಿಕ ಬಂಧದಿಂದ ಸೇರಿಕೊಳ್ಳುತ್ತವೆ. ಮೊದಲು ಸರಪಳಿ, ಆಮೇಲೆ ಸರಪಳಿಗಳ ನಡುವೆ ಅಡ್ಡಕೊಂಡಿ, ಕೊನೆಗೆ ಇಡೀ ಭಾಗವೇ ಒಂದು ಬಲೆ. ಇದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ನೀರು ಆರಿ ಬಣ್ಣ ಒಣಗುತ್ತದಲ್ಲ, ಆ ಬಗೆಯ ಒಣಗುವಿಕೆ ಇದಲ್ಲ. ಇಲ್ಲಿ ವಸ್ತುವೇ ಬದಲಾಗುತ್ತದೆ.

## ಪಾಲಿಇಮೈಡ್‌ಗೆ ಈ ತಾಳಿಕೆ ಎಲ್ಲಿಂದ ಬಂತು?

ಪಾಲಿಇಮೈಡ್ ಅನ್ನು ನೀವು ಆಗಲೇ ನೋಡಿದ್ದೀರಿ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಸುತ್ತ ಚಿನ್ನದ ಬಣ್ಣದ ಹಾಳೆ ಇತ್ತಲ್ಲ, ಅದರ ಹೊರಪದರ ಪಾಲಿಇಮೈಡ್ ಫಿಲ್ಮ್, ಹಿಂಬದಿಗೆ ಅಲ್ಯೂಮಿನಿಯಂ ಲೇಪ. ಅದರಲ್ಲಿ ಚಿನ್ನ ಇಲ್ಲ. ಅದು ಪಾಲಿಇಮೈಡ್‌ನ ಸ್ವಂತ ಬಣ್ಣ. ಡುಪಾಂಟ್ ಕಂಪನಿ 1960ರ ದಶಕದಲ್ಲಿ ಕ್ಯಾಪ್ಟಾನ್ ಹೆಸರಲ್ಲಿ ಇಂಥ ಫಿಲ್ಮ್ ತಂದಿತು. ಮೊಬೈಲ್ ಒಳಗಿನ ಬಾಗುವ ಸರ್ಕಿಟ್‌ಗಳಲ್ಲೂ ಇದೇ ಜಾತಿಯ ಫಿಲ್ಮ್ ಇರುತ್ತದೆ.

ಇದರ ಸರಪಳಿಯ ಹೆಚ್ಚಿನ ಭಾಗ ಉಂಗುರಗಳಿಂದ ಆದದ್ದು. ಕೆಲವು ಬೆಂಜೀನ್ ಉಂಗುರಗಳು, ಕೆಲವು ಇಮೈಡ್ ಉಂಗುರಗಳು. ಇಮೈಡ್ ಉಂಗುರದಲ್ಲಿ ಒಂದು ನೈಟ್ರೋಜನ್, ಅದರ ಎರಡೂ ಪಕ್ಕದಲ್ಲಿ ಆಕ್ಸಿಜನ್ ಹೊತ್ತ ಕಾರ್ಬನ್ ಇರುತ್ತವೆ. ಉಂಗುರ ಚಪ್ಪಟೆಯಾಗಿ ಬಿಗಿಯಾಗಿರುತ್ತದೆ, ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಉಂಗುರದ ಒಂದು ಬದಿಯ ಬಂಧ ಕಳಚಿದರೂ ಇನ್ನೊಂದು ಬದಿ ಸರಪಳಿಯನ್ನು ಹಿಡಿದುಕೊಂಡಿರುತ್ತದೆ. ಇದರ ಜೊತೆಗೆ ಅಕ್ಕಪಕ್ಕದ ಸರಪಳಿಗಳು ಎಲೆಕ್ಟ್ರಾನ್‌ಗಳ ಸೆಳೆತದಿಂದ ಒತ್ತಾಗಿ ಕೂರುತ್ತವೆ. ಈ ಸೆಳೆತ ನೀಲಿ ಬೆಳಕನ್ನು ನುಂಗುತ್ತದೆ, ನಮಗೆ ಹಳದಿ ಕಾಣುತ್ತದೆ. ಅಂದರೆ ಆ ಚಿನ್ನದ ಬಣ್ಣ ಮತ್ತು ಬಿಸಿ ತಾಳುವ ಗುಣ ಎರಡರ ಹಿಂದೆಯೂ ಈ ಸೆಳೆತದ ಪಾತ್ರ ಇದೆ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ತೊಡಕು ಶುರುವಾಗುವುದೂ ಇಲ್ಲೇ. ಬಿಸಿಗೆ ಜಗ್ಗದ ವಸ್ತು ಅಚ್ಚಿಗೂ ಜಗ್ಗುವುದಿಲ್ಲ. ಪೂರ್ತಿ ತಯಾರಾದ ಇಂಥ ಪಾಲಿಇಮೈಡ್ ಕರಗುವುದಿಲ್ಲ, ಹರಿಯುವುದೂ ಇಲ್ಲ. ಹಾಗಾಗಿ ಮೊದಲು ಆಕಾರ ಕೊಟ್ಟು, ಆಮೇಲೆ ಅಚ್ಚಿನೊಳಗೇ ಪಾಲಿಇಮೈಡ್ ಆಗುವಂತೆ ಮಾಡಬೇಕು. ಹಾಗೆ ಆಗುವಾಗ ಒಳಗಿನಿಂದ ನೀರಿನ ಆವಿ ಬರುತ್ತದೆ. ಕೂದಲಷ್ಟು ದಪ್ಪದ ಫಿಲ್ಮ್ ಆದರೆ ಆವಿ ಸಲೀಸಾಗಿ ಹೊರಟುಹೋಗುತ್ತದೆ. ಹತ್ತಿಪ್ಪತ್ತು ಪದರದ ಕಾರ್ಬನ್ ಬಟ್ಟೆಯ ನಡುವೆ ಆದರೆ ಅಲ್ಲೇ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ.

## ಪಿಎಂಆರ್-15 ಒಳಗೆ ಏನಿದೆ?

ಈ ತೊಡಕಿಗೆ ಒಂದು ಉಪಾಯ ಹುಡುಕಿದವರು ಟಿಟೊ ಸೆರಾಫಿನಿ, ಪೀಟರ್ ಡೆಲ್ವಿಗ್ಸ್ ಮತ್ತು ಜಾರ್ಜ್ ಲೈಟ್ಸಿ. ಅವರು ಕೆಲಸ ಮಾಡಿದ್ದು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾದ ಲೂಯಿಸ್ ಕೇಂದ್ರದಲ್ಲಿ. ಈಗ ಅದಕ್ಕೆ ಗ್ಲೆನ್ ಕೇಂದ್ರ ಎಂದು ಹೆಸರು. 1972ರಲ್ಲಿ ಅವರ ಕೆಲಸ ಪ್ರಕಟವಾಯಿತು.

ಉಪಾಯ ಹೀಗಿದೆ. ಮೂರು ಸಣ್ಣ ರಾಸಾಯನಿಕಗಳನ್ನು ಮೆಥನಾಲ್‌ನಲ್ಲಿ ಕರಗಿಸಿ ಬಟ್ಟೆಗೆ ಹಚ್ಚುತ್ತಾರೆ. ಬಿಟಿಡಿಇ ಮತ್ತು ಎಂಡಿಎ ಎಂಬ ಎರಡು ಒಂದಾದ ಮೇಲೊಂದು ಸೇರಿ ಸರಪಳಿ ಕಟ್ಟುತ್ತವೆ. ನಾಡಿಕ್ ಎಸ್ಟರ್ ಎಂಬ ಮೂರನೆಯದು ಸರಪಳಿಯ ಎರಡು ತುದಿಗೂ ಮುಚ್ಚಳದ ಹಾಗೆ ಕೂರುತ್ತದೆ. ಮುಚ್ಚಳ ಬಿದ್ದ ಮೇಲೆ ಸರಪಳಿ ಬೆಳೆಯುವುದಿಲ್ಲ. ಮೂರರ ಪ್ರಮಾಣವನ್ನು ಅಳೆದು ಹಾಕಿದರೆ ಸರಪಳಿಯ ಸರಾಸರಿ ಅಣುತೂಕ 1500ಕ್ಕೆ ನಿಲ್ಲುತ್ತದೆ. ಹೆಸರಿನಲ್ಲಿರುವ 15 ಅದೇ. ಸರಪಳಿ ಗಿಡ್ಡ ಇರುವುದರಿಂದ ಬಿಸಿಯಲ್ಲಿ ಅದು ಇನ್ನೂ ಹರಿಯಬಲ್ಲದು. ಆ ಮುಚ್ಚಳಗಳು ಇನ್ನೂ ಜಾಸ್ತಿ ಬಿಸಿ ತಾಗಿದಾಗ ತಾವೇ ಒಂದಕ್ಕೊಂದು ಬೆಸೆದುಕೊಂಡು ಬಲೆ ಕಟ್ಟುತ್ತವೆ.

ಅಂದರೆ ಆವಿ ಬಿಡುವ ಕೆಲಸ ಒಂದು ಉಷ್ಣತೆಯಲ್ಲಿ, ಬಲೆ ಕಟ್ಟುವ ಕೆಲಸ ಇನ್ನೊಂದು ಉಷ್ಣತೆಯಲ್ಲಿ. ಎರಡನ್ನೂ ಬೇರೆ ಬೇರೆ ಮಾಡಿದ್ದೇ ಅವರ ಜಾಣತನ.

## ಆಟೋಕ್ಲೇವ್ ಒಳಗಿನ ಗಂಟೆಗಳು

ರೆಸಿನ್ ಹಚ್ಚಿದ ಬಟ್ಟೆಗೆ ಪ್ರಿಪ್ರೆಗ್ ಎನ್ನುತ್ತಾರೆ. ಅದನ್ನು ಕತ್ತರಿಸಿ ಪದರ ಪದರವಾಗಿ ಅಚ್ಚಿನ ಮೇಲೆ ಹಾಸುತ್ತಾರೆ. ಮೇಲೊಂದು ಹಾಳೆ ಮುಚ್ಚಿ, ಅಂಚು ಬಿಗಿದು, ಒಳಗಿನ ಗಾಳಿ ಎಳೆಯುತ್ತಾರೆ. ಇದು ವ್ಯಾಕ್ಯೂಮ್ ಬ್ಯಾಗ್. ಎಪಾಕ್ಸಿ ಕೆಲಸಕ್ಕೆ ನೈಲಾನ್ ಬ್ಯಾಗ್ ಸಾಕು. ಇಲ್ಲಿ ನೈಲಾನ್ ಕರಗಿಹೋಗುತ್ತದೆ. ಹಾಗಾಗಿ ಪಾಲಿಇಮೈಡ್ ಬೇಯಿಸಲು ಪಾಲಿಇಮೈಡ್ ಫಿಲ್ಮ್‌ನದೇ ಬ್ಯಾಗ್ ಬೇಕು.

ಆಮೇಲೆ ಇಡೀ ಅಚ್ಚನ್ನು ಆಟೋಕ್ಲೇವ್ ಒಳಗೆ ಇಡುತ್ತಾರೆ. ಅದು ಒತ್ತಡವನ್ನೂ ಕೊಡಬಲ್ಲ ದೊಡ್ಡ ಒಲೆ. ಬಿಸಿಯನ್ನು ನಿಧಾನಕ್ಕೆ, ನಿಮಿಷಕ್ಕೆ ಒಂದೆರಡು ಡಿಗ್ರಿ ಲೆಕ್ಕದಲ್ಲಿ ಏರಿಸುತ್ತಾರೆ. ರೆಸಿನ್ ಶಾಖವನ್ನು ಬಹಳ ಕಡಿಮೆ ಹರಿಯಗೊಡುತ್ತದೆ. ಅವಸರ ಮಾಡಿದರೆ ಹೊರಪದರ ಮುಂದಿನ ಹಂತಕ್ಕೆ ಹೋಗಿರುತ್ತದೆ, ನಡುವಿನದು ಹಿಂದೆಯೇ ಉಳಿದಿರುತ್ತದೆ.

ಮೊದಲು ಮೆಥನಾಲ್ ಆರುತ್ತದೆ. ಸುಮಾರು 120ರಿಂದ 230 ಡಿಗ್ರಿ ನಡುವೆ ಇಮೈಡ್ ಉಂಗುರಗಳು ಕಟ್ಟಿಕೊಳ್ಳುತ್ತವೆ. ಒಂದೊಂದು ಉಂಗುರ ಮುಚ್ಚಿಕೊಂಡಾಗಲೂ ಒಂದು ನೀರಿನ ಅಣು ಮತ್ತು ಒಂದು ಮೆಥನಾಲ್ ಅಣು ಹೊರಬೀಳುತ್ತದೆ. ಕೇಳಲು ಸಣ್ಣದು ಅನಿಸಬಹುದು. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಪಿಎಂಆರ್-15ರ ಸೂತ್ರದ ಪ್ರಕಾರ 1,810 ಗ್ರಾಂ ರಾಸಾಯನಿಕ ಹಾಕಿದರೆ ಕೊನೆಗೆ ಉಳಿಯುವ ರೆಸಿನ್ 1,500 ಗ್ರಾಂ. ಉಳಿದ 310 ಗ್ರಾಂನಲ್ಲಿ ಸುಮಾರು 110 ಗ್ರಾಂ ನೀರು, 200 ಗ್ರಾಂ ಮೆಥನಾಲ್. ಅಷ್ಟೂ 200 ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಆವಿಯಾದರೆ ಸುಮಾರು 480 ಲೀಟರ್ ಜಾಗ ಹಿಡಿಯುತ್ತದೆ. ಒಂದೂಕಾಲು ಲೀಟರಿಗೂ ಕಡಿಮೆ ಇರುವ ರೆಸಿನ್ ಒಳಗಿನಿಂದ ಅಷ್ಟು ಆವಿ ಹೊರಗೆ ಹೋಗಬೇಕು. ಅದಕ್ಕೇ ಈ ಹೊತ್ತಿನಲ್ಲಿ ವ್ಯಾಕ್ಯೂಮ್ ಎಳೆಯುತ್ತಾ ಇರುತ್ತಾರೆ, ಒತ್ತಡ ಹಾಕುವುದಿಲ್ಲ.

ಇದಾದ ಮೇಲೆ ಒಂದು ಸಣ್ಣ ಅವಕಾಶ ಸಿಗುತ್ತದೆ. ಉಂಗುರಗಳು ಕಟ್ಟಿ ಮುಗಿದಿವೆ, ಬಲೆ ಇನ್ನೂ ಶುರುವಾಗಿಲ್ಲ. ಗಿಡ್ಡ ಸರಪಳಿಗಳು ಕರಗಿ ರೆಸಿನ್ ಹರಿಯುತ್ತದೆ. ಇದು ಸುಮಾರು 230ರಿಂದ 275 ಡಿಗ್ರಿ ನಡುವಿನ ಹೊತ್ತು. ಒತ್ತಡ ಹಾಕಬೇಕಾದದ್ದು ಇಲ್ಲಿ, ವಾತಾವರಣದ ಒತ್ತಡದ ಸುಮಾರು 14 ಪಟ್ಟು. ಆಗ ಪದರಗಳು ಒತ್ತಾಗಿ ಕೂತು ಸಂದುಗಳೆಲ್ಲ ತುಂಬಿಕೊಳ್ಳುತ್ತವೆ. ಬೇಗ ಒತ್ತಿದರೆ ಆವಿ ಹೊರಬರುವ ದಾರಿ ಮುಚ್ಚಿಹೋಗುತ್ತದೆ, ನೀರು ನೀರಾದ ರೆಸಿನ್ ಅಂಚಿನಿಂದ ಸೋರಿಹೋಗುತ್ತದೆ. ತಡವಾಗಿ ಒತ್ತಿದರೆ ರೆಸಿನ್ ಹರಿಯುವುದೇ ಇಲ್ಲ, ಸಂದುಗಳು ಹಾಗೇ ಉಳಿಯುತ್ತವೆ. ಇಡೀ ಕ್ಯೂರಿಂಗ್‌ನಲ್ಲಿ ಕೆಲಸಗಾರರ ಕೈಗುಣ ಗೊತ್ತಾಗುವುದು ಈ ಹೊತ್ತಿನಲ್ಲೇ ಅನ್ನಬಹುದು.

ಕೊನೆಗೆ 316 ಡಿಗ್ರಿ. ಇಲ್ಲಿ ನಾಡಿಕ್ ತುದಿಗಳು ತೆರೆದುಕೊಂಡು ಒಂದಕ್ಕೊಂದು ಬೆಸೆಯುತ್ತವೆ. ಈ ಹಂತದಲ್ಲಿ ನೀರು ಬರುವುದಿಲ್ಲ. ಆದರೆ ಕೆಲವು ತುದಿಗಳು ಒಡೆದು ಸೈಕ್ಲೋಪೆಂಟಾಡೈಯೀನ್ ಎಂಬ ಅನಿಲ ಬಿಡುತ್ತವೆ. ಒತ್ತಡ ಬಿಗಿಯಾಗಿದ್ದರೆ ಅದು ತಪ್ಪಿಸಿಕೊಳ್ಳದೆ ಬಲೆಯಲ್ಲೇ ಸೇರಿಹೋಗುತ್ತದೆ. ಒಂದೆರಡು ಗಂಟೆ ಹೀಗಿಟ್ಟು, ಮೆಲ್ಲಗೆ ಆರಿಸುತ್ತಾರೆ. ಆಮೇಲೆ ಅಲ್ಟ್ರಾಸೌಂಡ್ ಹಾಯಿಸಿ ಒಳಗೆ ಗುಳ್ಳೆ, ಸಂದು ಉಳಿದಿದೆಯಾ ಎಂದು ನೋಡುತ್ತಾರೆ.

## ಅಚ್ಚಿನಿಂದ ತೆಗೆದ ಮೇಲೂ ಯಾಕೆ ಬೇಯಿಸಬೇಕು?

ಇಲ್ಲಿ ಒಂದು ಪದ ಗೊತ್ತಿರಬೇಕು: ಟಿಜಿ. ಗ್ಲಾಸ್ ಟ್ರಾನ್ಸಿಷನ್ ಉಷ್ಣತೆಯ ಚಿಕ್ಕ ಹೆಸರು ಅದು. ಈ ಉಷ್ಣತೆಗಿಂತ ಕೆಳಗೆ ರೆಸಿನ್ ಗಾಜಿನ ಹಾಗೆ ಬಿಗಿ, ಮೇಲೆ ರಬ್ಬರಿನ ಹಾಗೆ ಮೆತ್ತಗೆ. ಕರಗುವುದು ಬೇರೆ, ಇದು ಬೇರೆ. ಥರ್ಮೋಸೆಟ್ ಕರಗುವುದಿಲ್ಲ, ಆದರೆ ಟಿಜಿ ದಾಟಿದರೆ ಭಾರ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ.

ಬೇಯುವಾಗ ಟಿಜಿ ಒಂದೇ ಕಡೆ ನಿಲ್ಲುವುದಿಲ್ಲ. ಬಲೆ ಬಿಗಿಯಾದಷ್ಟೂ ಏರುತ್ತಾ ಹೋಗುತ್ತದೆ. ಒಲೆಯ ಬಿಸಿಯ ಹತ್ತಿರಕ್ಕೆ ಅದು ಬಂತು ಅಂದರೆ ರೆಸಿನ್ ಗಾಜಿನಂತೆ ಬಿಗಿಯಾಗತೊಡಗುತ್ತದೆ. ಬಾಕಿ ಉಳಿದ ತುದಿಗಳಿಗೆ ಸರಿದಾಡಲು ಜಾಗ ಇರುವುದಿಲ್ಲ, ಜೋಡಿ ಸಿಗುವುದಿಲ್ಲ. ಕ್ರಿಯೆ ಪೂರ್ತಿ ನಿಲ್ಲುವುದಿಲ್ಲ, ಆಮೆನಡಿಗೆಗೆ ಇಳಿಯುತ್ತದೆ. ಹಾಗಾಗಿ ತಣ್ಣಗಿನ ಒಲೆಯಲ್ಲಿ ಎಷ್ಟು ಹೊತ್ತು ಇಟ್ಟರೂ ಹೆಚ್ಚು ಬಿಸಿ ತಾಳುವ ರೆಸಿನ್ ಸಿಗುವುದಿಲ್ಲ. ಎಷ್ಟು ಬಿಸಿಯಲ್ಲಿ ಬೆಂದಿದೆಯೋ, ಹೆಚ್ಚುಕಡಿಮೆ ಅಷ್ಟೇ ಅದರ ತಾಳಿಕೆ.

ಅದಕ್ಕಾಗಿ ಪೋಸ್ಟ್‌ಕ್ಯೂರ್ ಮಾಡುತ್ತಾರೆ. ಭಾಗವನ್ನು ಅಚ್ಚಿನಿಂದ ತೆಗೆದು, ಒತ್ತಡ ಇಲ್ಲದೆ, ಬರೀ ಒಲೆಯಲ್ಲಿ 316 ಡಿಗ್ರಿಯಲ್ಲಿ ಹದಿನಾರು ಗಂಟೆಯ ಆಸುಪಾಸು ಇಡುತ್ತಾರೆ. ಅದಾದ ಮೇಲೆ ಪಿಎಂಆರ್-15ರ ಟಿಜಿ ಸುಮಾರು 340 ಡಿಗ್ರಿಗೆ ಬರುತ್ತದೆ. ಆಟೋಕ್ಲೇವ್ ಬಾಡಿಗೆ ದುಬಾರಿ, ಒಲೆ ಅಗ್ಗ. ಆಕಾರ ನಿಂತ ಮೇಲೆ ಉಳಿದ ಬೇಯುವಿಕೆಯನ್ನು ಒಲೆಗೆ ಬಿಡುವುದರಲ್ಲಿ ಹಣದ ಲೆಕ್ಕವೂ ಇದೆ.

ಇದನ್ನೆಲ್ಲ ಅಳೆಯಲು ಬೇರೆ ಬೇರೆ ಉಪಕರಣ ಇವೆ. ಡಿಎಸ್‌ಸಿ ಎಂಬುದು ಚಿಟಿಕೆಯಷ್ಟು ರೆಸಿನ್ ಬಿಸಿ ಮಾಡಿ, ಯಾವ ಉಷ್ಣತೆಯಲ್ಲಿ ಅದು ಶಾಖ ಹೀರಿತು, ಯಾವಾಗ ಬಿಟ್ಟಿತು ಎಂದು ಬರೆದುಕೊಳ್ಳುತ್ತದೆ. ರಿಯೋಮೀಟರ್ ಎರಡು ತಟ್ಟೆಗಳ ನಡುವೆ ರೆಸಿನ್ ಇಟ್ಟು ತಿರುಗಿಸಿ ಎಷ್ಟು ಹರಿಯುತ್ತಿದೆ ಎಂದು ಹೇಳುತ್ತದೆ. ಒತ್ತಡದ ಹೊತ್ತು ನಿರ್ಧಾರ ಮಾಡುವುದು ಇದರ ಗೆರೆ ನೋಡಿಯೇ. ಬೆಂದ ತುಂಡನ್ನು ಬಿಸಿ ಮಾಡುತ್ತಾ ಮೆಲ್ಲಗೆ ಬಾಗಿಸಿ ಟಿಜಿ ಹಿಡಿಯುವುದು ಡಿಎಂಎ. ತೂಕ ಯಾವಾಗ ಇಳಿಯಿತು ಎಂದು ನೋಡುವುದು ಟಿಜಿಎ.

## ಮೆತ್ತಗಾಗುವುದು ಬೇರೆ, ಸವೆಯುವುದು ಬೇರೆ

ಟಿಜಿಎಯಲ್ಲಿ ಪಾಲಿಇಮೈಡ್ ಇಟ್ಟು ಬೇಗ ಬೇಗ ಬಿಸಿ ಏರಿಸಿದರೆ 500 ಡಿಗ್ರಿಯ ಹತ್ತಿರದವರೆಗೂ ತೂಕ ಹೆಚ್ಚೇನೂ ಇಳಿಯುವುದಿಲ್ಲ. ಇಷ್ಟನ್ನೇ ನೋಡಿ '500 ಡಿಗ್ರಿ ತಾಳುವ ರೆಸಿನ್' ಅಂದರೆ ಅದು ತಪ್ಪು ಮಾತು. ಆ ಪರೀಕ್ಷೆ ನಿಮಿಷಗಳ ಲೆಕ್ಕದ್ದು, ಇಂಜಿನ್ ಓಡುವುದು ಸಾವಿರಾರು ಗಂಟೆ.

ಟಿಜಿಗಿಂತ ಕೆಳಗಿದ್ದರೂ ಗಾಳಿಯ ಆಕ್ಸಿಜನ್ ಮೆಲ್ಲಗೆ ರೆಸಿನ್ ಅನ್ನು ತಿನ್ನುತ್ತಿರುತ್ತದೆ. ಅದು ಮೊದಲು ಹಿಡಿಯುವುದು ನಾಡಿಕ್ ತುದಿಗಳಿಂದ ಆದ ಅಡ್ಡಕೊಂಡಿಗಳನ್ನು. ಅವು ಬೆಂಜೀನ್‌ನಷ್ಟು ಗಟ್ಟಿ ಜಾತಿಯವಲ್ಲ. ಎಂಡಿಎ ನಡುವಿನ ಕಾರ್ಬನ್–ಹೈಡ್ರೋಜನ್ ಕೊಂಡಿಯೂ ಹಾಗೇ. ಬಲೆ ಕಟ್ಟಲು ಬೇಕೇ ಬೇಕಾದ ಕೊಂಡಿಯೇ ಬಲೆಯ ದುರ್ಬಲ ಜಾಗ ಕೂಡ. ಸವೆತ ಶುರುವಾಗುವುದು ಮೇಲ್ಮೈಯಲ್ಲಿ. ಅಲ್ಲೊಂದು ತೆಳುವಾದ ಪದರ ಬಣ್ಣ ಬದಲಿಸಿ, ಕುಗ್ಗಿ, ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಆಕ್ಸಿಜನ್ ಇನ್ನೂ ಒಳಗೆ ಹೋಗುತ್ತದೆ. ಕತ್ತರಿಸಿದ ಅಂಚಿನಲ್ಲಿ, ಫೈಬರ್ ತುದಿಗಳು ಕಾಣುವ ಕಡೆ, ಇದು ಇನ್ನೂ ಜೋರು.

ಬಿರುಕಿಗೆ ಇನ್ನೊಂದು ಕಾರಣ ಆರುವಾಗಿನ ಕುಗ್ಗುವಿಕೆ. ಕಾರ್ಬನ್ ಫೈಬರ್ ಉದ್ದಕ್ಕೆ ಬಿಸಿಯಿಂದ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ರೆಸಿನ್ ಮಾತ್ರ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 50 ಪಾಲು ಹಿಗ್ಗುತ್ತದೆ. 316ರಿಂದ ಕೋಣೆಯ ಬಿಸಿಗೆ ಇಳಿದರೆ ಸುಮಾರು 290 ಡಿಗ್ರಿ ಇಳಿತ. ಬಿಡಿಯಾಗಿದ್ದ ಒಂದು ಮೀಟರ್ ರೆಸಿನ್ ಸರಳು ಆಗ 14 ಮಿಲಿಮೀಟರಿಗಿಂತ ಹೆಚ್ಚು ಗಿಡ್ಡವಾಗುತ್ತದೆ. ಕಾಂಪೊಸಿಟ್ ಒಳಗೆ ಫೈಬರ್ ಅದನ್ನು ಕುಗ್ಗಲು ಬಿಡುವುದಿಲ್ಲ. ಆ ಎಳೆದಾಟ ಭಾಗದೊಳಗೇ ಉಳಿದು, ಬಿಸಿ-ತಂಪು ಮತ್ತೆ ಮತ್ತೆ ಆದಾಗ ಸೂಕ್ಷ್ಮ ಬಿರುಕಾಗಿ ಹೊರಬೀಳುತ್ತದೆ. ಜೊತೆಗೆ ರೆಸಿನ್ ಗಾಳಿಯ ತೇವವನ್ನೂ ಸ್ವಲ್ಪ ಹೀರುತ್ತದೆ. ತೇವ ಹಿಡಿದ ಭಾಗ ಒಮ್ಮೆಲೇ ಬಿಸಿಯಾದರೆ ಒಳಗಿನ ನೀರು ಆವಿಯಾಗಿ ಬೊಬ್ಬೆ ಎಬ್ಬಿಸಬಹುದು.

## ಎಂಡಿಎ ಎಂಬ ವಿಷ

ಪಿಎಂಆರ್-15ರ ದೊಡ್ಡ ಕೊರತೆ ಬಿಸಿಗೆ ಸಂಬಂಧಿಸಿದ್ದಲ್ಲ. ಅದರಲ್ಲಿರುವ ಎಂಡಿಎ ಪಿತ್ತಜನಕಾಂಗಕ್ಕೆ ವಿಷ, ಕ್ಯಾನ್ಸರ್ ತರಬಹುದೆಂಬ ಶಂಕೆಯೂ ಇದೆ. 1965ರಲ್ಲಿ ಇಂಗ್ಲೆಂಡಿನ ಎಪಿಂಗ್ ಊರಿನಲ್ಲಿ 84 ಜನಕ್ಕೆ ಕಾಮಾಲೆ ಆಯಿತು. ಅವರು ತಿಂದ ಬ್ರೆಡ್ಡಿನ ಹಿಟ್ಟಿನ ಮೇಲೆ ಸಾಗಣೆಯ ಗಾಡಿಯಲ್ಲಿ ಎಂಡಿಎ ಚೆಲ್ಲಿತ್ತು.

ಬೆಂದು ಮುಗಿದ ಭಾಗದಲ್ಲಿ ಎಂಡಿಎ ಬಲೆಯೊಳಗೆ ಬಂಧಿ. ಅಪಾಯ ಇರುವುದು ಹಸಿ ಪ್ರಿಪ್ರೆಗ್ ಕತ್ತರಿಸಿ ಹಾಸುವವರಿಗೆ. ಅದು ಚರ್ಮದ ಮೂಲಕವೂ ಮೈಸೇರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 1992ರಲ್ಲಿ ಕಟ್ಟುನಿಟ್ಟಿನ ನಿಯಮ ತಂದಿತು. ಎಂಟು ಗಂಟೆಯ ಸರಾಸರಿಯಲ್ಲಿ ಗಾಳಿಯ ನೂರು ಕೋಟಿ ಪಾಲಿಗೆ 10 ಪಾಲಿಗಿಂತ ಜಾಸ್ತಿ ಎಂಡಿಎ ಇರಬಾರದು. ಆ ಜಾಗಕ್ಕೆ ಬೇರೆ ರಾಸಾಯನಿಕ ಹಾಕಿ ನಾಸಾದವರು ಆರ್‌ಪಿ-46, ಡಿಎಂಬಿಜೆಡ್-15ರಂಥ ರೆಸಿನ್‌ಗಳನ್ನು ರೂಪಿಸಿದರು.

## ಗಾಳಿಗುಳ್ಳೆ ಇಲ್ಲದ ದಾರಿ

ಆವಿಯ ಕಾಟವನ್ನೇ ತಪ್ಪಿಸಲು ಇನ್ನೊಂದು ದಾರಿ ಇದೆ. ಇಮೈಡ್ ಉಂಗುರಗಳನ್ನು ಮೊದಲೇ ಕಟ್ಟಿ, ನಾಡಿಕ್ ಬದಲು ಫಿನೈಲ್‌ಎಥೈನೈಲ್ ಎಂಬ ತುದಿ ಕೂರಿಸುವುದು. ಈ ತುದಿಗಳು ಬೆಸೆಯುವಾಗ ಏನೂ ಹೊರಬೀಳುವುದಿಲ್ಲ. ಅವು 350 ಡಿಗ್ರಿ ಹತ್ತಿರಕ್ಕೆ ಬರುವವರೆಗೆ ಸುಮ್ಮನಿರುವುದರಿಂದ ರೆಸಿನ್ ಹರಿಯಲು ಸಿಗುವ ಹೊತ್ತೂ ದೊಡ್ಡದು.

ನಾಸಾದ ಲ್ಯಾಂಗ್ಲಿ ಕೇಂದ್ರ ಹೀಗೆ ಮಾಡಿದ ಪೆಟಿ-5 ರೆಸಿನ್ ಶಬ್ದದ 2.4 ಪಟ್ಟು ವೇಗದ ಪ್ರಯಾಣಿಕ ವಿಮಾನದ ಯೋಜನೆಗಾಗಿ ಬಂದದ್ದು. ಅದರ ಮೈ 177 ಡಿಗ್ರಿಯಲ್ಲಿ 60,000 ಗಂಟೆ ಬಾಳಬೇಕಿತ್ತು. 1999ರಲ್ಲಿ ಯೋಜನೆ ನಿಂತುಹೋಯಿತು, ರೆಸಿನ್ ಕೆಲಸ ನಿಲ್ಲಲಿಲ್ಲ. ಆಮೇಲೆ ಬಂದ ಪೆಟಿ-330 ಕರಗಿದಾಗ ಎಷ್ಟು ತೆಳ್ಳಗಿರುತ್ತದೆ ಅಂದರೆ, ಅಚ್ಚಿನಲ್ಲಿ ಒಣ ಕಾರ್ಬನ್ ಬಟ್ಟೆ ಇಟ್ಟು ಅದರೊಳಗೆ ಪಂಪ್ ಮಾಡಬಹುದು. ಬೆಂದ ಮೇಲೆ ಅದರ ಟಿಜಿ ಸುಮಾರು 330 ಡಿಗ್ರಿ.

ಇದಕ್ಕೆ ತೆರಬೇಕಾದ ಬೆಲೆ 371 ಡಿಗ್ರಿಯ ಕ್ಯೂರಿಂಗ್. ಅಚ್ಚು, ಸೀಲು, ಪಂಪಿನ ಕೊಳವೆ ಎಲ್ಲವೂ ಅಷ್ಟು ಬಿಸಿ ತಾಳಬೇಕು. ಅಲ್ಲಿಂದ ಕೋಣೆಯ ಬಿಸಿಗೆ ಇಳಿಯುವಾಗ ಇಳಿತ 345 ಡಿಗ್ರಿ ದಾಟುತ್ತದೆ. ಪಿಎಂಆರ್-15ರಷ್ಟೇ ಹಿಗ್ಗುವ ರೆಸಿನ್ ಅಂತ ಇಟ್ಟುಕೊಂಡರೂ, ಮೀಟರಿಗೆ 14 ಮಿಲಿಮೀಟರ್ ಇದ್ದ ಎಳೆದಾಟ 17 ಮಿಲಿಮೀಟರಿಗೆ ಏರುತ್ತದೆ.